ಮನೆ ಸಿಗಬೇಕಾದರೆ ನಾಯಿ, ಬೆಕ್ಕಿಗೆ ಆಪರೇಷನ್ ಆಗಿರಬೇಕಾ? ಹೀಗೆ ಮಾಡಿ

ಕಡಿಮೆ ಬಾಡಿಗೆಯ ವಸತಿಗೋ ಆಶ್ರಯ ಕೇಂದ್ರಕ್ಕೋ ಅರ್ಜಿ ಹಾಕುವಾಗ ಸಾಕುಪ್ರಾಣಿ ಇದೆ ಅಂದರೆ ಸಾಕು, "ಆಪರೇಷನ್ ಆಗಿದೆಯಾ?" ಎಂಬ ಪ್ರಶ್ನೆ ಬರುತ್ತದೆ. ಸಂತಾನಹರಣ ಆಗದ ನಾಯಿ, ಬೆಕ್ಕನ್ನು ಎಷ್ಟೋ ಕಡೆ ಒಳಗೆ ಬಿಡುವುದಿಲ್ಲ. ಇದು ಸುಮ್ನೆ ಕಾಟ ಕೊಡಲು ಮಾಡಿದ ನಿಯಮವಲ್ಲ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳಲ್ಲಿ ಒಂದು ಹೆಣ್ಣು ಬೆಕ್ಕು ಬೆದೆಗೆ ಬಂದರೆ ಇಡೀ ಸಾಲಿಗೆ ನಿದ್ದೆ ಇಲ್ಲ. ಗಂಡು ಬೆಕ್ಕು ಬಾಗಿಲಿಗೆ ಮೂತ್ರ ಚಿಮ್ಮಿಸಿದರೆ ಆ ನಾತ ಎಷ್ಟು ತೊಳೆದರೂ ಬೇಗ ಹೋಗುವುದಿಲ್ಲ. ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬ ನಿಂತರೆ ಸುಮಾರು 9 ವಾರಕ್ಕೆ ಮರಿಗಳು. ಹಾಗಂತ ನಿಯಮ ಕೇಳಿದ ಕೂಡಲೇ ಗಾಬರಿಯಾಗಿ ಪ್ರಾಣಿಯನ್ನು ಬಿಟ್ಟುಕೊಡಬೇಡಿ. ದಾರಿ ಇದೆ.

ಮೊದಲು ನಿಯಮವನ್ನು ಬರಹದಲ್ಲಿ ಕೇಳಿ

ಬಾಯಿಮಾತು ನಂಬಬೇಡಿ. ಒಳಗೆ ಬರುವ ಮುಂಚೆಯೇ ಆಗಿರಬೇಕಾ, ಬಂದ ಮೇಲೆ ಗಡುವು ಕೊಡುತ್ತಾರಾ? ಮರಿಗೆ ಎಷ್ಟು ತಿಂಗಳು ತುಂಬುವವರೆಗೆ ವಿನಾಯಿತಿ? ವಯಸ್ಸಾದ, ಹೃದಯದ ತೊಂದರೆ ಇರುವ ಪ್ರಾಣಿಗೆ ಅರಿವಳಿಕೆ ಅಪಾಯ ಎಂದು ವೈದ್ಯರು ಬರೆದುಕೊಟ್ಟರೆ ಒಪ್ಪುತ್ತಾರಾ? ದೊಡ್ಡ ತಳಿಯ ನಾಯಿಗೆ ಬೆಳವಣಿಗೆ ಮುಗಿಯುವವರೆಗೆ ಕಾಯಿರಿ ಎಂದು ವೈದ್ಯರೇ ಹೇಳುವುದುಂಟು. ಅದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.

ಅಂಗವಿಕಲರಿಗೆ ನೆರವಾಗುವ ಪ್ರಾಣಿಯಾದರೆ ಲೆಕ್ಕವೇ ಬೇರೆ ಇರಬಹುದು. ಅಮೆರಿಕದ ಸಾರ್ವಜನಿಕ ವಸತಿಯಲ್ಲಿ ಅಂಥ ಪ್ರಾಣಿಗೆ ಸಾಕುಪ್ರಾಣಿ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಇನ್ನೊಂದು ಮಾತೂ ಉಂಟು: ಬೊಗಳಬಾರದು ಅಂತ ನಾಯಿಯ ಧ್ವನಿತಂತು ತೆಗೆಸಿ ಎಂದು ವಸತಿಯವರು ಕೇಳುವಂತಿಲ್ಲ. ಕೇಳಲು ಹಕ್ಕಿರುವುದು ಯಾವುದು, ಇಲ್ಲದ್ದು ಯಾವುದು ಎಂದು ತಿಳಿದಿದ್ದರೆ ನಮ್ಮ ಮಾತಿಗೂ ತೂಕ ಬರುತ್ತದೆ, ಅಲ್ವಾ?

ಈಗಾಗಲೇ ಆಗಿದೆಯಾ ನೋಡಿಸಿ

ಬೀದಿಯಿಂದ ತಂದ ಹೆಣ್ಣು ಬೆಕ್ಕಿಗೆ ಹಿಂದೆಯೇ ಆಪರೇಷನ್ ಆಗಿರಬಹುದು. ಕಿವಿಯ ತುದಿ ನೇರವಾಗಿ ಕತ್ತರಿಸಿದ್ದರೆ ಅದೇ ಗುರುತು. ಇಲ್ಲವಾದರೆ ವೈದ್ಯರು ಹೊಟ್ಟೆಯ ಕೂದಲು ಬೋಳಿಸಿ ಹಳೇ ಗಾಯದ ಗೆರೆ, ಹಚ್ಚೆಯ ಗುರುತು ಹುಡುಕುತ್ತಾರೆ.

ದಿನ ಗೊತ್ತು ಮಾಡಿ, ಚೀಟಿ ತೋರಿಸಿ

ಕಡಿಮೆ ಖರ್ಚಿನ ಕ್ಲಿನಿಕ್‌ಗಳಲ್ಲಿ ಸರದಿ ಉದ್ದ ಇರುತ್ತದೆ. ಅದಕ್ಕೇ ಮನೆ ಮಂಜೂರಾಗುವವರೆಗೆ ಕಾಯದೆ ಈಗಲೇ ಹೆಸರು ಬರೆಸಿ. ಪ್ರಾಣಿದಯಾ ಸಂಸ್ಥೆ, ಪಶುವೈದ್ಯ ಕಾಲೇಜು, ಸಂಚಾರಿ ಕ್ಲಿನಿಕ್ ಮೂರನ್ನೂ ವಿಚಾರಿಸಿ. ಆದಾಯದ ದಾಖಲೆ ತೋರಿಸಿದರೆ ಕೆಲವು ಕಡೆ ಪೂರ್ತಿ ಉಚಿತ. ದಿನ ಸಿಕ್ಕಿದ ಚೀಟಿಯನ್ನು ವಸತಿ ಕಚೇರಿಗೆ ಕೊಟ್ಟು ಗಡುವು ಮುಂದೆ ಹಾಕಿಸಿಕೊಳ್ಳಿ. ಬರಿಗೈಯಲ್ಲಿ ಹೋಗಿ ಟೈಮ್ ಕೇಳುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಹಿಂದಿನ ರಾತ್ರಿಯಿಂದ ಊಟ ಕೊಡಬೇಡಿ ಎನ್ನುತ್ತಾರೆ. ಪುಟ್ಟ ಮರಿಗಳಿಗೆ ಅಷ್ಟು ಹೊತ್ತು ಉಪವಾಸ ಒಳ್ಳೆಯದಲ್ಲ, ಎಷ್ಟು ಗಂಟೆ ಎಂದು ಕ್ಲಿನಿಕ್‌ನಲ್ಲೇ ಕೇಳಿ.

ಆಮೇಲಿನ ಹತ್ತು ದಿನ

ನಿಜವಾದ ಕಷ್ಟ ಇಲ್ಲಿದೆ. ಹತ್ತು ಜನ ಮಲಗುವ ಕೋಣೆಯಲ್ಲಿ ಗಾಯದ ಪ್ರಾಣಿಯನ್ನು ನೋಡಿಕೊಳ್ಳುವುದು ಸುಲಭವಲ್ಲ. ಆಶ್ರಯ ಕೇಂದ್ರದಲ್ಲಿದ್ದರೆ ಮುಂಚೆಯೇ ಸಿಬ್ಬಂದಿಗೆ ಹೇಳಿ ಒಂದು ಮೂಲೆ, ಒಂದು ಪಂಜರ ಕೇಳಿಟ್ಟುಕೊಳ್ಳಿ. ಓಟ, ಜಿಗಿತ, ಸ್ನಾನ ಯಾವುದೂ ಬೇಡ. ಗಾಯ ನೆಕ್ಕದಂತೆ ಕತ್ತಿಗೆ ಹಾಕಿದ ಕೋನ್ ನೋಡಿ ಪಾಪ ಅನ್ನಿಸಿ ಬಿಚ್ಚಿಬಿಡುತ್ತೇವೆ. ಐದು ನಿಮಿಷ ಸಾಕು, ನೆಕ್ಕಿ ಹೊಲಿಗೆ ಕಿತ್ತುಹಾಕುತ್ತದೆ.

ದಿನಕ್ಕೆರಡು ಸಲ ಗಾಯ ನೋಡಿ. ಅಂಚುಗಳು ಕೂಡಿಕೊಂಡ ತೆಳು ಗೆರೆ, ಸುತ್ತ ಸ್ವಲ್ಪ ಕೆಂಪು ಇದ್ದರೆ ಚಿಂತೆಯಿಲ್ಲ. ಕೀವು, ಕೆಟ್ಟ ವಾಸನೆ, ಬಾಯ್ಬಿಟ್ಟ ಹೊಲಿಗೆ, ನಿಲ್ಲದ ರಕ್ತ ಕಂಡರೆ ತಕ್ಷಣ ವೈದ್ಯರ ಹತ್ತಿರ ಹೋಗಿ. ನೋವಿದೆ ಅಂತ ನಿಮ್ಮ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು. ಕರಗದ ಹೊಲಿಗೆಯಾದರೆ 10ರಿಂದ 14 ದಿನಕ್ಕೆ ಬಿಚ್ಚಿಸಬೇಕು. ಗಂಡು ಪ್ರಾಣಿಯಾದರೆ ಇನ್ನೂ ಕೆಲವು ವಾರ ಹೆಣ್ಣುಗಳಿಂದ ದೂರ ಇಡಿ, ಅಲ್ಲಿಯವರೆಗೆ ಅದರಿಂದ ಮರಿಯಾಗುವ ಸಾಧ್ಯತೆ ಉಳಿದಿರುತ್ತದೆ.

ಸರ್ಟಿಫಿಕೇಟ್ ಇಲ್ಲದೆ ಕ್ಲಿನಿಕ್ ಬಿಡಬೇಡಿ

ಅದರಲ್ಲಿ ಪ್ರಾಣಿಯ ಬಣ್ಣ, ಲಿಂಗ, ವಯಸ್ಸು, ಆಪರೇಷನ್ ಆದ ತಾರೀಕು, ವೈದ್ಯರ ನೋಂದಣಿ ಸಂಖ್ಯೆ, ಸಹಿ ಇರಲಿ. ಚರ್ಮದಡಿ ಗುರುತಿಗೆ ಹಾಕುವ ಮೈಕ್ರೋಚಿಪ್ ಇದ್ದರೆ ಅದರ ನಂಬರ್ ರೇಬೀಸ್ ಲಸಿಕೆ ಕಾರ್ಡಿನಲ್ಲಿರುವುದಕ್ಕೆ ತಾಳೆಯಾಗಬೇಕು. ಒಂದು ಅಂಕಿ ತಪ್ಪಿದರೂ ಕಚೇರಿಯಲ್ಲಿ ವಾಪಸ್ ಕಳಿಸುತ್ತಾರೆ. ಕಾಗದದ ಫೋಟೊ ಫೋನಿನಲ್ಲಿರಲಿ. ಕಚೇರಿಗೆ ಪ್ರತಿ ಮಾತ್ರ ಕೊಟ್ಟು, ತಲುಪಿದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ. ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ, ಮುಂದಿನ ಮನೆಯವರೂ ಕೇಳುತ್ತಾರೆ.