ಡಿಸ್‌ಪ್ಲೇ ಪಟಾಕಿ ನಿಮ್ಮ ಜಾಗದಲ್ಲಿ ಇಡ್ತೀರಾ? ಮೊದಲು ಟೇಪ್ ಹಿಡೀರಿ

ಅಮೆರಿಕದಲ್ಲಿ ಊರಾಚೆ ನಾಲ್ಕೈದು ಎಕರೆ ಜಾಗ ತಗೊಂಡೋರಲ್ಲಿ ಒಬ್ಬಿಬ್ಬರಿಗೆ ಈ ಹುಚ್ಚು ಹತ್ತತ್ತೆ, ಜುಲೈ 4ಕ್ಕೆ ಆಕಾಶದಲ್ಲಿ ಅರಳೋ ದೊಡ್ಡ ಶೆಲ್‌ಗಳನ್ನ ನಾವೇ ಹಾರಿಸ್ಬೇಕು, ಮಾಲು ತಂದು ನಮ್ಮ ಜಾಗದಲ್ಲೇ ಇಟ್ಕೋಬೇಕು ಅಂತ. ಎಲ್ಲರೂ ಮೊದಲು ಕೇಳೋದು ಒಂದೇ ಪ್ರಶ್ನೆ, ಎಷ್ಟು ಎಕರೆ ಇರ್ಬೇಕು? ಕಾನೂನಿಗೆ ಎಕರೆ ಲೆಕ್ಕ ಬೇಕಾಗೇ ಇಲ್ಲ. ಅದು ನೋಡೋದು ಮದ್ದಿನ ತೂಕ ಎಷ್ಟು, ಹತ್ತಿರದ ಮನೆ, ರೋಡು, ರೈಲು ಎಷ್ಟು ಅಡಿ ದೂರ ಅನ್ನೋದು. ಎರಡು ಎಕರೆಲಿ ಆಗೋ ಕೆಲಸ ಹತ್ತು ಎಕರೆಲಿ ಆಗದೇ ಇರಬಹುದು, ಅದು ಜಾಗದ ಆಕಾರದ ಮೇಲೆ, ಅಕ್ಕಪಕ್ಕದೋರು ಎಲ್ಲಿ ಮನೆ ಕಟ್ಕೊಂಡಿದ್ದಾರೆ ಅನ್ನೋದರ ಮೇಲೆ.

ನಿಮ್ಮ ಹತ್ರ ಇರೋದು ಯಾವ ಮಾಲು ಅಂತ ಮೊದಲು ಡಬ್ಬದ ಮೇಲೆ ನೋಡಿ. ಕಿತ್ತಳೆ ಬಣ್ಣದ ಡೈಮಂಡ್ ಲೇಬಲ್ ಇರತ್ತೆ, ಅದರಲ್ಲಿ 1.4ಜಿ ಅಂತಿದ್ರೆ ಅಂಗಡಿಲಿ ಸಿಗೋ ಸಾಮಾನ್ಯ ಪಟಾಕಿ, ಅದು ಎಟಿಎಫ್‌ನ (ಮದ್ಯ, ತಂಬಾಕು, ಬಂದೂಕು, ಸ್ಫೋಟಕ ನೋಡ್ಕೊಳ್ಳೋ ಫೆಡರಲ್ ಇಲಾಖೆ) ಸ್ಫೋಟಕ ನಿಯಮದಿಂದ ಹೊರಗೆ, ಆದ್ರೆ ರಾಜ್ಯದ್ದು, ಕೌಂಟಿದು ಬೇರೆ ನಿಯಮ ಇದ್ದೇ ಇರತ್ತೆ. 1.3ಜಿ ಅಂತಿದ್ರೆ ಅದು ಡಿಸ್‌ಪ್ಲೇ ಪಟಾಕಿ, ಈ ಲೇಖನ ಪೂರ್ತಿ ಅದರದ್ದೇ. 40 ಗ್ರಾಂಗಿಂತ ಜಾಸ್ತಿ ಮದ್ದು ಇರೋ ಏರಿಯಲ್ ಶೆಲ್, 130 ಮಿಲಿಗ್ರಾಂಗಿಂತ ಜಾಸ್ತಿ ಇರೋ ಸಲ್ಯೂಟ್, ಅಂದ್ರೆ ಢಂ ಅನ್ನೋ ಶಬ್ದಕ್ಕೇ ಮಾಡಿದ್ದು, ಎಲ್ಲ ಇದರಲ್ಲೇ ಬರತ್ತೆ. ಇದನ್ನ ತಗೊಳ್ಳೋಕೇ ಎಟಿಎಫ್ ಲೈಸೆನ್ಸೋ ಪರ್ಮಿಟ್ಟೋ ಬೇಕು. ಅರ್ಜಿ ಹಾಕಿದ ಮೇಲೆ ಅವರ ಕಡೆಯೋರು ಬಂದು ಜಾಗ ನೋಡ್ತಾರೆ, ಹಾಗಾಗಿ ಅಳತೆ ಅರ್ಜಿಗಿಂತ ಮೊದಲೇ ಆಗಿರ್ಲಿ.

ಈಗ ತೂಕ. ಪೆಟ್ಟಿಗೆ ತಕ್ಕಡಿಲಿಟ್ಟು 40 ಪೌಂಡ್ ಬಂತು ಅಂದ್ರೆ ಅದು ಕಾನೂನಿನ ತೂಕ ಅಲ್ಲ. ರಟ್ಟು, ಪೇಪರ್, ಪ್ಲಾಸ್ಟಿಕ್ ಎಲ್ಲ ಬಿಟ್ಟು ಒಳಗಿರೋ ಮದ್ದು ಮತ್ತೆ ಬತ್ತಿದು ಮಾತ್ರ ಲೆಕ್ಕ, ಇದಕ್ಕೆ ನೆಟ್ ವೇಯ್ಟ್ ಅಂತಾರೆ. ಮಾರೋರ ಹತ್ರ ಈ ಅಂಕಿ ಬರಹದಲ್ಲಿ ಇಸ್ಕೊಳ್ಳಿ, ಸಿಗ್ಲಿಲ್ಲ ಅಂದ್ರೆ ಪೂರ್ತಿ ತೂಕವನ್ನೇ ಮದ್ದು ಅಂತ ಹಿಡ್ಕೊಂಡು ಪ್ಲಾನ್ ಮಾಡಿ, ಜಾಸ್ತಿ ದೂರ ಬಿಟ್ರೆ ಯಾರೂ ಬೈಯಲ್ಲ.

ಇನ್ನು ಟೇಬಲ್. ಫೆಡರಲ್ ನಿಯಮಾವಳಿಯ ಟೈಟಲ್ 27, ಪಾರ್ಟ್ 555ರಲ್ಲಿ ಸೆಕ್ಷನ್ 224 ಅಂತಿದೆ, ಡಿಸ್‌ಪ್ಲೇ ಪಟಾಕಿಗೆ ಅಂತಲೇ ಮಾಡಿದ್ದು, 10,000 ಪೌಂಡ್‌ವರೆಗೆ ಮೂರೇ ಸಾಲು. ನೆಟ್ ತೂಕ 1,000 ಪೌಂಡ್‌ವರೆಗೆ ಇದ್ರೆ ಜನ ಇರೋ ಕಟ್ಟಡ, ಪ್ಯಾಸೆಂಜರ್ ರೈಲು ಹಳಿ, ಸಾರ್ವಜನಿಕ ರಸ್ತೆ ಮೂರರಿಂದಲೂ 150 ಅಡಿ. 1,001ರಿಂದ 5,000 ಪೌಂಡ್‌ಗೆ 230 ಅಡಿ. 5,001ರಿಂದ 10,000ಕ್ಕೆ 300 ಅಡಿ. ಎರಡು ಮ್ಯಾಗಜೀನ್ ಇದ್ರೆ (ಓದೋ ಮ್ಯಾಗಜೀನ್ ಅಲ್ಲ, ಸ್ಫೋಟಕ ಇಡೋ ಗೂಡಿಗೂ ಅದೇ ಹೆಸರು) ಅವೆರಡರ ಮಧ್ಯೆ ಇದೇ ಕ್ರಮದಲ್ಲಿ 100, 150, 200 ಅಡಿ. ಗಮನಿಸಿ, ಮೊದಲ ಸಾಲು ಸೊನ್ನೆಯಿಂದ ಶುರುವಾಗತ್ತೆ, ಹೊರಗಡೆ ಗೂಡಲ್ಲಿ 20 ಪೌಂಡ್ ಇಟ್ರೂ 150 ಅಡಿ, 900 ಇಟ್ರೂ 150 ಅಡಿ, ಸ್ವಲ್ಪನೇ ಇದೆ ಬಿಡಿ ಅನ್ನೋ ಮಾತು ನಡೆಯಲ್ಲ.

ಅಳತೆಲೇ ಜನ ಎಡವೋದು. ಬೇಲಿಯಿಂದ 150 ಅಡಿ ಅಂದ್ಕೊಂಡಿರ್ತಾರೆ, ಟೇಬಲ್‌ನಲ್ಲಿ ಬೇಲಿ ಅನ್ನೋ ಪದವೇ ಇಲ್ಲ. ಮ್ಯಾಗಜೀನ್‌ನಿಂದ ಕಟ್ಟಡಕ್ಕೆ, ನೇರ ಗೆರೆ, ಡ್ರೈವ್‌ವೇ ಸುತ್ತಿಕೊಂಡು ಹೋಗೋ ದೂರ ಅಲ್ಲ. ಗೂಡಿನ ಹತ್ತಿರದ ಮೂಲೆಯಿಂದ ಆ ಕಟ್ಟಡದ ಹತ್ತಿರದ ಮೂಲೆಗೆ ಟೇಪ್ ಎಳೀರಿ, ಬಾಗಿಲಿಂದ ಬಾಗಿಲಿಗೆ ಅಳೆದು 152 ಬಂತು ಅಂತ ಖುಷಿಪಟ್ಟು ಆಮೇಲೆ ಮೂಲೆಯಿಂದ ಮೂಲೆಗೆ ಅಳೆದಾಗ 143 ಬಂದ್ರೆ ಸಿಮೆಂಟ್ ಹಾಕಿದ್ದೆಲ್ಲ ದಂಡ. ಜನ ಇರೋ ಕಟ್ಟಡ ಅಂದ್ರೆ ಮನೆ ಮಾತ್ರ ಅಲ್ಲ, ಚರ್ಚು, ಸ್ಕೂಲು, ಅಂಗಡಿ, ರೈಲ್ವೆ ಸ್ಟೇಷನ್, ಜನ ಸೇರೋ ಯಾವ ಕಟ್ಟಡನೂ ಸೇರತ್ತೆ. ನಿಮ್ಮ ಸ್ವಂತ ಮನೆನೂ ಸೇರತ್ತೆ, ನಮ್ಮನೆ ನಮ್ಮಿಷ್ಟ ಅನ್ನೋಕಾಗಲ್ಲ. ಖಾಸಗಿ ದುಡ್ಡಲ್ಲಿ ಮಾಡಿದ ರಸ್ತೆ ಆದ್ರೂ ಜನ ಮಾಮೂಲಾಗಿ ಓಡಾಡ್ತಿದ್ರೆ ಅದು ರಸ್ತೆನೇ.

ಒಂದು ಪೇಪರ್ ತಗೊಂಡು ಬರೆದು ನೋಡೋಣ. ಐದು ಎಕರೆ, 330 ಅಡಿ ಅಗಲ, 660 ಅಡಿ ಉದ್ದ, ಮುಂದೆ ರೋಡು. ರೋಡಿಂದ 100 ಅಡಿ ಒಳಗೆ ನಿಮ್ಮ ಮನೆ, ಮನೆ 50 ಅಡಿ ಆಳ, ಅಂದ್ರೆ ಮನೆ ಹಿಂದಿನ ಗೋಡೆ ರೋಡಿಂದ 150 ಅಡಿಗೆ ಬಂತು. ಅಲ್ಲಿಂದ ಇನ್ನೂ 150 ಬಿಟ್ರೆ ಮ್ಯಾಗಜೀನ್ ಶುರುವಾಗೋದು 300ನೇ ಅಡಿಗೆ. ಅದು 8 ಅಡಿ ಅಗಲ 20 ಅಡಿ ಉದ್ದ ಅಂದ್ಕೊಳ್ಳಿ, ಉದ್ದುದ್ದಕ್ಕೆ ಸರಿ ಮಧ್ಯದಲ್ಲಿ ಇಟ್ರೆ ಎಡಕ್ಕೆ 161, ಬಲಕ್ಕೆ 161, ಹಿಂದೆ 340 ಅಡಿ ಉಳಿಯತ್ತೆ. ಅಕ್ಕಪಕ್ಕದೋರು ಬೇಲಿಗೆ ಆತ್ಕೊಂಡೇ ಮನೆ ಕಟ್ಟಿದ್ರೂ ನಡೆಯತ್ತೆ, 11 ಅಡಿ ಜಾಸ್ತಿನೇ ಇದೆ. ಅದೇ ಜಾಗದಲ್ಲಿ 2,500 ಪೌಂಡ್ ಇಡೋಕೆ ಹೊರಟ್ರೆ 230 ಅಡಿ ಬೇಕು, ಆಗ ಎರಡೂ ಪಕ್ಕ 69 ಅಡಿ ಕಮ್ಮಿ ಬೀಳತ್ತೆ, ಆ 69 ಅಡಿ ಪಕ್ಕದೋರ ಜಾಗದಲ್ಲಿ ಖಾಲಿ ಇರ್ಬೇಕು. ಇವತ್ತು ಖಾಲಿ ಇದ್ರೆ ಕಾನೂನು ಒಪ್ಪತ್ತೆ. ನಾಳೆ ಅವರು ಅಲ್ಲೊಂದು ಮನೆ ಎಬ್ಬಿಸಿದ್ರೆ ನಿಮ್ಮ ಮ್ಯಾಗಜೀನ್ ಒಂದಿಂಚೂ ಅಲ್ಲಾಡದೇ ಕಾನೂನುಬಾಹಿರ ಆಗತ್ತೆ. ನನ್ನ ಕೇಳಿದ್ರೆ ಪಕ್ಕದೋರ ಜಾಗ ನಂಬ್ಕೊಂಡು ಪ್ಲಾನೇ ಮಾಡ್ಬೇಡಿ, ಪೂರ್ತಿ ಸುತ್ತು ನಿಮ್ಮದರೊಳಗೇ ಬರ್ಲಿ, 150 ಅಡಿ ಸುತ್ತಿಗೆ ಬರೀ ವೃತ್ತವೇ ಒಂದೂವರೆ ಎಕರೆಗಿಂತ ಸ್ವಲ್ಪ ಜಾಸ್ತಿ ತಿನ್ನತ್ತೆ, 300 ಅಡಿಗೆ ಆರೂವರೆ ಎಕರೆ.

ಸಲ್ಯೂಟ್ ಬಗ್ಗೆ ಬೇರೆಯೇ ಹೇಳ್ಬೇಕು. ಬೇರೆ ಶೆಲ್‌ಗಳ ಜೊತೆ ಪ್ಯಾಕ್ ಆಗದೇ ಬಿಡಿಯಾಗಿ ಇಟ್ಟ ಸಲ್ಯೂಟ್‌ಗೆ ಬಲ್ಕ್ ಸಲ್ಯೂಟ್ ಅಂತಾರೆ, ಅದಕ್ಕೆ ಮೇಲಿನ ಟೇಬಲ್ ಲಾಗೂ ಆಗಲ್ಲ, ಹೈ ಎಕ್ಸ್‌ಪ್ಲೋಸಿವ್‌ದು, ಸೆಕ್ಷನ್ 218 ನೋಡ್ಬೇಕು. ಅದರಲ್ಲಿ 10 ಪೌಂಡ್‌ಗೇ, ಮಧ್ಯೆ ಮಣ್ಣಿನ ದಿಬ್ಬ ಇಲ್ಲ ಅಂದ್ರೆ, ಮನೆಯಿಂದ 180 ಅಡಿ ದೂರ ಬೇಕು. ಸಾವಿರ ಪೌಂಡ್ ಶೆಲ್‌ಗೆ 150 ಸಾಕು, ಹತ್ತು ಪೌಂಡ್ ಸಲ್ಯೂಟ್‌ಗೆ 180! ಶೆಲ್ ರಾಶಿ ಹತ್ಕೊಂಡ್ರೆ ಜಾಸ್ತಿ ಉರಿಯತ್ತೆ, ಸಲ್ಯೂಟ್ ರಾಶಿ ಒಟ್ಟಿಗೇ ಸಿಡಿಯತ್ತೆ, ಅದಕ್ಕೇ ಈ ವ್ಯತ್ಯಾಸ. ಗೂಡೂ ಬೇರೆ, ಸಾಮಾನ್ಯ ಡಿಸ್‌ಪ್ಲೇ ಮಾಲಿಗೆ ಟೈಪ್ 4 ಅನ್ನೋ ದರ್ಜೆಯ ಗೂಡು ಸಾಕು, ಇದಕ್ಕೆ ಟೈಪ್ 1 ಅಥವಾ 2 ಬೇಕು. ಮನೇಲಿ ಹವ್ಯಾಸಕ್ಕೆ ಮಾಡೋರು ಬಲ್ಕ್ ಸಲ್ಯೂಟ್ ಇಟ್ಕೊಳ್ಳೋ ಉಸಾಬರಿಗೇ ಹೋಗ್ಬಾರ್ದು ಅನ್ನೋದು ನನ್ನ ಅಭಿಪ್ರಾಯ.

ಹಾಗಾದ್ರೆ ಮಣ್ಣಿನ ದಿಬ್ಬ ಹಾಕಿ 150ನ್ನ 75 ಮಾಡ್ಕೋಬಹುದಾ ಅಂತ ಕೇಳ್ತಾರೆ. ಆಗಲ್ಲ. 1990ರ ಮಾರ್ಚ್ 7ಕ್ಕಿಂತ ಮೊದಲಿಂದ ಬಳಕೆಲಿದ್ದ ಪಟಾಕಿ ಮ್ಯಾಗಜೀನ್‌ಗೆ ಮಾತ್ರ, ಸರಿಯಾದ ದಿಬ್ಬ ಇದ್ರೆ, ಅರ್ಧ ದೂರದ ವಿನಾಯಿತಿ. ಹೊಸದಾಗಿ ಇಡೋರಿಗೆ ಆ ದಾರಿ ಇಲ್ಲ.

ದೂರ ಸರಿಹೋಯ್ತು ಅಂದ್ರೆ ಗೂಡಿನ ಸುತ್ತಲಿನ ಕೆಲಸ. ಎಲ್ಲ ಕಡೆ 25 ಅಡಿವರೆಗೆ ಒಣಹುಲ್ಲು, ಪೊದೆ, ಕಸ ಇರ್ಬಾರ್ದು, ಮರಗಳೂ ಇರ್ಬಾರ್ದು, 10 ಅಡಿಗಿಂತ ಎತ್ತರ ಬೆಳೆದ ಜೀವಂತ ಮರ ಇದ್ರೆ ಪರವಾಗಿಲ್ಲ. 50 ಅಡಿ ಒಳಗೆ ಸಿಗರೇಟು, ಬೆಂಕಿಪೊಟ್ಟಣ, ಕಿಡಿ ಹಾರೋ ಯಾವ ಮಿಷಿನ್ನೂ ಬೇಡ, ಪೆಟ್ರೋಲ್ ಥರ ಬೇಗ ಆವಿಯಾಗೋ ವಸ್ತು 50 ಅಡಿ ಆಚೆಗೇ. ಲಾನ್‌ಮೂವರ್‌ಗೆ ಅಂತ ತಂದಿಟ್ಟ ಪೆಟ್ರೋಲ್ ಕ್ಯಾನ್ ಇಲ್ಲೇ ಸಿಕ್ಕಿಬೀಳೋದು, ಹುಲ್ಲು ಹೊಡೆಯೋಕೆ ಅಂತ ತಂದು ಮ್ಯಾಗಜೀನ್ ನೆರಳಲ್ಲೇ ಇಟ್ಟು ಮರೆತಿರ್ತಾರೆ. ಬೀಗ ಸಾಮಾನ್ಯವಾಗಿ ಎರಡು, ಬೇರೆಬೇರೆ ಚಿಲಕಕ್ಕೆ, ಪ್ಯಾಡ್‌ಲಾಕ್ ಆದ್ರೆ ಕೊಂಡಿ ಕನಿಷ್ಠ 3/8 ಇಂಚು ದಪ್ಪ, ಅದರ ಮೇಲೆ ಕಾಲಿಂಚಿನ ಉಕ್ಕಿನ ಮುಚ್ಚಳ, ಕಟ್ಟರ್ ತೂರಬಾರದು ಅಂತ. ಒಳಗೆ ಗುಡಿಸೋಕೆ ಕಬ್ಬಿಣದ ತುಂಡಿರೋ ಪೊರಕೆ ಬೇಡ. ಡಬ್ಬಗಳನ್ನ ಗೋಡೆಗೆ ಒತ್ತಿಡ್ಬೇಡಿ, ಗಾಳಿ ಆಡ್ಬೇಕು.

ಮಾಲು ಬಂದ ದಿನವೇ, ದಿನ ಮುಗಿಯೋದ್ರೊಳಗೆ, ನಿಮ್ಮ ಏರಿಯಾದ ಅಗ್ನಿಶಾಮಕದೋರಿಗೆ ಫೋನ್ ಮಾಡಿ ಬಾಯಲ್ಲಿ ಹೇಳಿ, 48 ಗಂಟೆಯೊಳಗೆ ಬರೆದು ಕೊಡಿ. ಇದು ಬರೀ ಫಾರ್ಮಾಲಿಟಿ ಅಂತ ಬಿಡೋರಿದ್ದಾರೆ. 2000ದ ಮೇ 13ಕ್ಕೆ ನೆದರ್‌ಲ್ಯಾಂಡ್ಸ್‌ನ ಎನ್‌ಸ್ಕೆಡೆಲಿ ಮನೆಗಳ ಮಧ್ಯೆ ಇದ್ದ ಪಟಾಕಿ ಡಿಪೋ ಸಿಡಿದು 23 ಜನ ಸತ್ರು, ಅದರಲ್ಲಿ ನಾಲ್ಕು ಜನ ಬೆಂಕಿ ಆರಿಸೋಕೆ ಬಂದೋರು. ಒಳಗೆ ಏನಿದೆ ಎಷ್ಟಿದೆ ಅಂತ ಬರೋರಿಗೆ ಮೊದಲೇ ಗೊತ್ತಿರ್ಬೇಕು.

ಒಂದೇ ರಾತ್ರಿ ತಾನೇ, ಗ್ಯಾರೇಜಲ್ಲಿ ಇಟ್ಟು ಬೆಳಿಗ್ಗೆ ತಗೊಂಡು ಹೋಗ್ತೀವಿ ಅನ್ನೋದೂ ಇಲ್ಲ. ಕೈಲಿ ಕೆಲಸ ನಡೀತಿಲ್ಲ, ಹಾರಿಸ್ತಿಲ್ಲ, ಸಾಗಿಸ್ತಿಲ್ಲ ಅಂದ್ರೆ ಮಾಲು ಬೀಗ ಹಾಕಿದ ಮ್ಯಾಗಜೀನ್ ಒಳಗೇ ಇರ್ಬೇಕು. ಒಳಾಂಗಣದ ಮ್ಯಾಗಜೀನ್ ಅಂತ ಒಂದಿದೆ, ಅದರಲ್ಲಿ 50 ಪೌಂಡ್ ಮೀರಬಾರದು, ಮತ್ತೆ ಜನ ವಾಸ ಮಾಡೋ ಮನೆಯೊಳಗೆ ಅದನ್ನ ಇಡೋ ಹಾಗೇ ಇಲ್ಲ.

ಏಳು ದಿನಕ್ಕೊಮ್ಮೆಯಾದ್ರೂ ಮ್ಯಾಗಜೀನ್ ಪರೀಕ್ಷೆ ಮಾಡ್ಬೇಕು ಅಂತ ನಿಯಮ ಇದೆ, ಯಾರಾದ್ರೂ ಮುರಿದ್ರಾ, ಮಾಲು ಹೋಯ್ತಾ ನೋಡೋಕೆ, ಕಳುವಾಗಿದ್ರೆ 24 ಗಂಟೆಯೊಳಗೆ ಎಟಿಎಫ್‌ಗೂ ಪೊಲೀಸಿಗೂ ಹೇಳ್ಬೇಕು. ಆ ವಾರದ ಸುತ್ತಲ್ಲಿ ಬೀಗ ಎಳೆದು ನೋಡಿ ವಾಪಸ್ ಬರ್ಬೇಡಿ, ಅಲ್ಲೇ ನಿಂತು ಬೇಲಿಯಾಚೆಗೂ ಒಂದು ಕಣ್ಣು ಹಾಯಿಸಿ. ಪಕ್ಕದ ಖಾಲಿ ಜಾಗದಲ್ಲಿ ಸರ್ವೇದೋರ ಗೂಟ, ಅದರ ತುದೀಲಿ ಗುಲಾಬಿ ಬಣ್ಣದ ರಿಬ್ಬನ್ ಕಂಡ್ರೆ ಅವತ್ತೇ ಹೋಗಿ ಪಕ್ಕದೋರನ್ನ ಮಾತಾಡಿಸಿ, ಟೇಪ್ ಜೊತೇಲೇ ತಗೊಂಡು ಹೋಗಿ.