ನಿಂತ ರಾಡೋ ವಾಚು ಕೊಳ್ಳುವುದಾದರೆ ಮೊದಲು ಬ್ಯಾಕ್ ಕವರ್ ತೆಗೆಸಿ

ಭಟ್ಕಳದಿಂದ ಕಾರವಾರದವರೆಗೆ, ಗಲ್ಫಿಗೆ ಹೋಗಿಬಂದವರ ಎಷ್ಟೋ ಮನೆಗಳ ಕಪಾಟಿನಲ್ಲಿ ಹಳೆಯ ರಾಡೋ ಡಯಾಸ್ಟಾರ್ ವಾಚು ನಿಂತು ಕೂತಿರುತ್ತದೆ. ಮಾರುವವರ ಮಾತು ಒಂದೇ: "ಸರ್ವೀಸ್ ಮಾಡ್ಸಿದ್ರೆ ಓಡ್ತದೆ." ಓಡಬಹುದು. ಆದರೆ ಯಾಕೆ ನಿಂತಿತು ಎಂಬುದು ಗೊತ್ತಾಗದೆ ಬೆಲೆ ಮಾತಾಡಬಾರದು. ಎಣ್ಣೆ ಒಣಗಿ ನಿಂತಿದ್ದರೆ ಬಿಚ್ಚಿ ತೊಳೆದು ಎಣ್ಣೆ ಬಿಟ್ಟರೆ ಆಯಿತು. ಉಪ್ಪುನೀರು ಹೊಕ್ಕು ನಿಂತಿದ್ದರೆ ಉಕ್ಕಿನ ಭಾಗಗಳನ್ನೇ ಒಂದೊಂದಾಗಿ ಬದಲಿಸಬೇಕು.

ಮೈ ನೋಡಿ ಮೋಸಹೋಗಬೇಡಿ. 1962ರಿಂದ ಬಂದ ಡಯಾಸ್ಟಾರ್‌ನ ಗಟ್ಟಿಲೋಹದಲ್ಲಿರುವುದು ಟಂಗ್‌ಸ್ಟನ್ ಕಾರ್ಬೈಡ್. ಅದಕ್ಕೆ ಗೀರು ಬೀಳುವುದೇ ಅಪರೂಪ. ಒಳಗೆ ತುಕ್ಕು ಹಿಡಿದಿದ್ದರೂ ಹೊರಗೆ ಹೊಸದರಂತೆ ಹೊಳೆಯುತ್ತದೆ. ಗೀರಿಗಿಂತ ಅಂಚಿನ ಚಕ್ಕೆ ನೋಡಿ. ಈ ಲೋಹ ಗಟ್ಟಿಯಾದಷ್ಟೇ ಪೆಡಸು. ಚಕ್ಕೆ ಎದ್ದದ್ದನ್ನು ಪಾಲಿಶ್‌ನಿಂದ ಮುಚ್ಚಲಾಗದು.

ಇನ್ನು ಚಾವಿ. ನಿಧಾನಕ್ಕೆ ಹತ್ತು ಸುತ್ತು ಕೊಡಿ. ಬಿಗಿಯೇ ಹತ್ತದಿದ್ದರೆ ವಾಚನ್ನು ಓಡಿಸುವ ಮೇನ್ ಸ್ಪ್ರಿಂಗ್ ತುಂಡಾಗಿರಬಹುದು. ಗರಗರ ಎಂದರೆ ಅಲ್ಲೇ ನಿಲ್ಲಿಸಿ, ಹಲ್ಲುಗಳು ಸವೆಯುತ್ತವೆ. "ಚಾವಿ ಜಾಸ್ತಿಯಾಗಿ ನಿಂತಿದೆ" ಎಂದರೆ ನಂಬಬೇಡಿ: ಆಟೋಮ್ಯಾಟಿಕ್‌ನಲ್ಲಿ (ಕೈಯ ಅಲುಗಾಟಕ್ಕೆ ತಾನೇ ಚಾವಿ ಹತ್ತುವ ವಾಚಿನಲ್ಲಿ) ಸ್ಪ್ರಿಂಗ್ ತುಂಬಿದ ಮೇಲೆ ಅದರ ತುದಿ ಡಬ್ಬಿಯೊಳಗೆ ಜಾರುತ್ತದೆ. ಚಾವಿ ಕೊಟ್ಟ ವಾಚನ್ನು ಕೈಯಲ್ಲಿ ಮೆಲ್ಲಗೆ ತಿರುಚಿ. ಸೆಕೆಂಡ್ ಮುಳ್ಳು ಅರೆಗಳಿಗೆ ಓಡಿ ನಿಂತರೆ ಅದು ಒಣ ಎಣ್ಣೆಯ ಲಕ್ಷಣ, ಆಸೆ ಇಟ್ಟುಕೊಳ್ಳಬಹುದು. ಅಲುಗಾಟವೇ ಇಲ್ಲದಿದ್ದರೆ ಎಲ್ಲೋ ಕಚ್ಚಿಕೊಂಡಿದೆ.

ಡಯಲ್ ಮೇಲಿನ ಪುಟ್ಟ ಲಂಗರು (ರಾಡೋದ ಗುರುತು) ವಾಚ್ ಓರೆ ಮಾಡಿದಾಗ ತಿರುಗಬೇಕು. ಅಂಟಿಕೊಂಡಿದ್ದರೆ ಎಣ್ಣೆ ಹೋಗಿದೆ ಅಥವಾ ತೇವ ಬಂದಿದೆ. ಬರೀ ಅಚ್ಚು ಹಾಕಿದ ಲಂಗರಿರುವ ಆಟೋಮ್ಯಾಟಿಕ್ ಆದರೆ ನಕಲಿಯೆಂದೇ ಅನುಮಾನಿಸಿ.

ತೇವದ ಪರೀಕ್ಷೆಗೆ ವಾಚನ್ನು ಹತ್ತು ನಿಮಿಷ ಅಂಗೈಯಲ್ಲಿ ಬೆಚ್ಚಗೆ ಹಿಡಿದು, ಗ್ಲಾಸಿನ ನಡುವೆ ಒಂದೇ ಹನಿ ನೀರು ಬಿಟ್ಟು, ಒಂದು ನಿಮಿಷಕ್ಕೆ ಒರೆಸಿ. ಗ್ಲಾಸಿನ ಅಡಿಯಲ್ಲಿ ಮಂಜು ಕಟ್ಟಿದರೆ ಒಳಗೆ ನೀರಿದೆ. ನಲ್ಲಿ ನೀರೇ ಇರಲಿ. ಫ್ರಿಜ್ಜಿನ ನೀರು ಹಾಕಿದರೆ ಜೂನ್ ತಿಂಗಳ ನಮ್ಮ ಗಾಳಿಗೆ ಒಳ್ಳೆಯ ವಾಚಿನಲ್ಲೂ ಮಂಜು ಕಟ್ಟೀತು.

ಇಷ್ಟಾದರೂ ಹಿಂದಿನ ಮುಚ್ಚಳ ತೆಗೆಸದೆ ದುಡ್ಡು ಕೊಡಬೇಡಿ. ರಿಪೇರಿಯವರ ಅಂಗಡಿಯಲ್ಲಿ, ಮಾರುವವರ ಎದುರಿಗೇ ತೆಗೆಸಿ. ಲೂಪಿನಲ್ಲಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿಯಲ್ಲಿ) ಮೊದಲು ನೋಡಬೇಕಾದದ್ದು ಚಾವಿಯ ಕಡ್ಡಿ ಮಷಿನ್ನಿಗೆ ಹೋಗುವ ಜಾಗ, ನೀರು ಹೆಚ್ಚಾಗಿ ಅಲ್ಲಿಂದಲೇ ಬರುವುದು. ಅಲ್ಲಷ್ಟೇ ಕಂದು ಪುಡಿ ಇದ್ದರೆ ಕಡ್ಡಿ, ಸಣ್ಣ ಲಿವರುಗಳ ಖರ್ಚು. ಕೂದಲೆಳೆಯಂಥ ಹೇರ್ ಸ್ಪ್ರಿಂಗಿನ ಮೇಲೆ ತುಕ್ಕಿನ ಚುಕ್ಕೆ ಬಿದ್ದಿದ್ದರೆ ಅದು ಕೂತ ಚಕ್ರ, ಅಂದರೆ ಬ್ಯಾಲೆನ್ಸ್, ಪೂರ್ತಿ ಬದಲಿಸಬೇಕು, ಹಳೆ ಮಾಡೆಲ್‌ಗೆ ಅದೇ ಸಿಗದ ವಸ್ತು. ರೋಟರ್ (ಕೈ ಅಲುಗಿದಾಗ ತಿರುಗಿ ಚಾವಿ ಹತ್ತಿಸುವ ತೂಕ) ಸುತ್ತ ಕೆರೆದ ಗುರುತಿದ್ದರೆ ಬೇರಿಂಗ್ ಸವೆದಿದೆ. ಸ್ಕ್ರೂ ತಲೆಗಳು ಹರಿದಿದ್ದರೆ ಯಾರೋ ಅರೆಬರೆ ಕೈ ಹಾಕಿದ್ದಾರೆ. ಶಿರಸಿ ಕಡೆಯ ವಾಚಿನಲ್ಲಿ ಉಪ್ಪಿನ ಕಾಟ ಕಡಿಮೆ. ಮಳೆಗಾಲದ ಬೂಸ್ಟು ಡಯಲ್ಲಿಗೆ ಹಿಡಿದಿದೆಯೇ ನೋಡಿ.

ಮಷಿನ್ ಮೇಲಿನ ನಂಬರ್ ಬರೆದುಕೊಳ್ಳಿ. ಇಟಿಎ ಕಂಪನಿಯ 2824-2 ಮಷಿನ್ ಆಗಿದ್ದರೆ ಬಿಡಿಭಾಗ ಸಿಗುತ್ತದೆ. ಎ. ಶಿಲ್ಡ್ ಎಂಬ ಹಳೆಯ ಕಂಪನಿಯದಾಗಿದ್ದರೆ ಹೊಸದು ತಯಾರಾಗುವುದಿಲ್ಲ, ಇನ್ನೊಂದು ಸತ್ತ ವಾಚನ್ನು ಹುಡುಕಬೇಕು.

ಲೆಕ್ಕ ಹೀಗೆ ಹಾಕಿ. ಉದಾಹರಣೆಗೆ, ಅದೇ ಮಾಡೆಲ್ ಓಡುವ ಸ್ಥಿತಿಯಲ್ಲಿ 30,000 ರೂಪಾಯಿ. ರಿಪೇರಿಯವರು ಹೇಳಿದ ಅತಿ ಹೆಚ್ಚಿನ ಖರ್ಚು 12,000. ಉಳಿದ 18,000ದಲ್ಲಿ ಕಾಣದ ದೋಷಕ್ಕೆಂದು 5,000 ತೆಗೆದರೆ, ನೀವು ಕೊಡಬಹುದಾದ ಗರಿಷ್ಠ 13,000. ಮುಚ್ಚಳ ತೆಗೆಯಲು ಬಿಡದವರಿಗೆ ವಾಚಿನ ಕೇಸು (ಹೊರಗಿನ ಲೋಹದ ಮೈ), ಚೈನು, ಡಯಲ್ಲಿನ ಬೆಲೆ ಮಾತ್ರ ಹೇಳಿ.

ಮಾರುವವರ ಸಹಿ, ಗುರುತಿನ ಚೀಟಿಯ ಪ್ರತಿ, ವಾಚಿನ ಕೇಸಿನ ಮೇಲಿನ ನಂಬರ್ ಬರೆದಿರುವ ರಸೀದಿ ಪಡೆಯಿರಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು ಕೊಂಡವರಿಗೂ ಅನ್ವಯಿಸುತ್ತದೆ.

ಕೊಂಡ ಮೇಲೆ ಸರ್ವೀಸ್ ಆಗುವವರೆಗೆ ಚಾವಿ ಕೊಟ್ಟು ಓಡಿಸಬೇಡಿ, ತುಕ್ಕಿನ ಪುಡಿ ಹಲ್ಲುಗಳ ನಡುವೆ ಸೇರಿ ಅರೆಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.