ದಾವಣಗೆರೆಯಲ್ಲಿ ಆರೋಗ್ಯ ವಿಮೆ ಏಜೆಂಟ್ ಆಗಿ ನನ್ನ ಅನುಭವ

ಆರೋಗ್ಯ ವಿಮೆಯ ಏಜೆನ್ಸಿ ಹಿಡಿಯಬೇಕೆಂದಿರುವ ಕಿರಿಯರು ಸಿಕ್ಕಾಗಲೆಲ್ಲ ಕೇಳುವ ಮೊದಲ ಪ್ರಶ್ನೆ, ಗ್ರಾಹಕರನ್ನು ಎಲ್ಲಿಂದ ಹುಡುಕುವುದು ಎಂಬುದು. ದಾವಣಗೆರೆಯಲ್ಲಿ ನನ್ನ ವ್ಯವಹಾರವನ್ನು ಬೆಳೆಸಿದ್ದು ಮುಖ್ಯವಾಗಿ ಎರಡು ಕೆಲಸ: ಪಾಲಿಸಿ ಕೋರುವ ಅರ್ಜಿಯಾದ ಪ್ರಪೋಸಲ್ ಫಾರಂ ತುಂಬುವಾಗ ಇರುವ ಕಾಯಿಲೆಯನ್ನು ಇದ್ದಂತೆಯೇ ಬರೆದದ್ದು, ಕ್ಲೇಮ್ ಬಂದ ದಿನ ಆಸ್ಪತ್ರೆಯ ವಿಮಾ ಕೌಂಟರಿನ ಮುಂದೆ ಗ್ರಾಹಕರ ಜೊತೆ ನಿಂತದ್ದು.

ಇದಕ್ಕೆ ಮೊದಲು ನಾನು ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿದ್ದೆ. ವರ್ಷವರ್ಷವೂ ತಪ್ಪದೆ ಪ್ರೀಮಿಯಂ ಕಟ್ಟಿದವರಿಗೂ ಡಿಸ್ಚಾರ್ಜ್ ದಿನ ಕ್ಲೇಮ್ ತಿರಸ್ಕಾರವಾಗಿ, ಮನೆಯವರು ಒಡವೆ ಅಡವಿಡಲು ಓಡುವುದನ್ನು ಅಲ್ಲಿ ಕಂಡಿದ್ದೇನೆ. ಅನೇಕ ಪ್ರಕರಣಗಳಲ್ಲಿ ಕಾರಣ ಒಂದೇ ಆಗಿರುತ್ತಿತ್ತು: ಪಾಲಿಸಿ ಮಾಡಿಸುವಾಗ 'ಯಾವ ಕಾಯಿಲೆಯೂ ಇಲ್ಲ' ಎಂದು ಬರೆಯಲಾಗಿತ್ತು, ದಾಖಲಾದ ದಿನ ಡ್ಯೂಟಿ ಡಾಕ್ಟರು ಕೇಳಿದಾಗ ರೋಗಿಯೇ 'ಆರು ವರ್ಷದಿಂದ ಶುಗರ್ ಇದೆ' ಎಂದಿದ್ದು ಕೇಸ್ ಶೀಟಿನಲ್ಲಿ ದಾಖಲಾಗಿತ್ತು. ವಿಮಾ ಕಂಪನಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗುವುದಿಲ್ಲ.

ವಿಮಾ ಏಜೆಂಟರ ಅರ್ಹತಾ ಪರೀಕ್ಷೆಯಾದ ಐಸಿ-38 ಪಾಸು ಮಾಡಿಕೊಂಡು ಏಜೆಂಟ್ ಆದೆ. 2016ರ ನಿಯಮದಂತೆ ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ ಮತ್ತು ಒಂದು ಆರೋಗ್ಯ ವಿಮಾ ಕಂಪನಿಯ ಪರವಾಗಿ ಕೆಲಸ ಮಾಡಬಹುದು. ನಾನು ಕೊನೆಯ ಎರಡನ್ನಷ್ಟೇ ಆರಿಸಿಕೊಂಡೆ. ಜೀವ ವಿಮೆಯಲ್ಲಿ ಮೊದಲ ವರ್ಷದ ಕಮಿಷನ್ ದೊಡ್ಡದು, ಆಮೇಲೆ ಇಳಿಯುತ್ತದೆ. ಆರೋಗ್ಯ ವಿಮೆಯಲ್ಲಿ ಗ್ರಾಹಕರು ಪ್ರತಿ ವರ್ಷ ನವೀಕರಿಸಿದಾಗಲೂ ಪ್ರೀಮಿಯಂನ ಒಂದು ಪಾಲು ಏಜೆಂಟರಿಗೆ ಬರುತ್ತದೆ; ಹಿಂದೆ ಅದಕ್ಕೆ ಶೇ 15ರ ಮಿತಿಯಿತ್ತು, 2023ರಿಂದ ಕಂಪನಿಗಳ ಮಂಡಳಿಗಳೇ ದರ ನಿಗದಿ ಮಾಡುತ್ತಿವೆ. ಹೀಗಾಗಿ ಉಳಿದುಕೊಂಡ ಗ್ರಾಹಕರೇ ಇಲ್ಲಿ ನಿಜವಾದ ಆಸ್ತಿ. ಕೆಲವರು ಮೊದಲ ಕಂತಿನ ಕಮಿಷನ್ನಿನಲ್ಲಿ ಗ್ರಾಹಕರಿಗೇ ಪಾಲು ಕೊಟ್ಟು ಪಾಲಿಸಿ ಮಾಡಿಸುತ್ತಾರೆ. 1938ರ ವಿಮಾ ಕಾಯ್ದೆಯ 41ನೇ ಕಲಂ ಅದನ್ನು ನಿಷೇಧಿಸಿದೆ. ದಂಡ 10 ಲಕ್ಷ ರೂಪಾಯಿಯವರೆಗೂ ಹೋಗಬಹುದು. ನನ್ನ ಬಳಿ ಹಾಗೆ ಕೇಳಿದವರಿಗೆ ಆಗುವುದಿಲ್ಲ ಎಂದೇ ಹೇಳಿದ್ದೇನೆ.

ಪ್ರಪೋಸಲ್ ಫಾರಂ ತುಂಬಲು ನಾನು ಗ್ರಾಹಕರ ಮನೆಗೇ ಹೋಗುತ್ತೇನೆ, ಅಂಗಡಿಯಲ್ಲಿ ತುಂಬುವುದಿಲ್ಲ. ಅಂಗಡಿಯಲ್ಲಿ ನಾಲ್ಕು ಜನರ ಎದುರು ಯಾರೂ ತಮ್ಮ ಕಾಯಿಲೆ ಹೇಳಿಕೊಳ್ಳುವುದಿಲ್ಲ. ಮಂಡಕ್ಕಿ ಭಟ್ಟಿಯ ಮಾಲೀಕರೊಬ್ಬರ ಮನೆಯಲ್ಲಿ ಹೀಗೇ ಕೂತಿದ್ದಾಗ, "ಶುಗರ್ ಅಂತೇನೂ ಇಲ್ಲ ಸರ್, ಬೆಳಗ್ಗೆ ಒಂದು ಗುಳಿಗೆ ತಗೋತೀನಿ ಅಷ್ಟೆ, ಅದನ್ನೆಲ್ಲ ಬರೀಬೇಡ್ರಿ" ಎಂದರು. ನಾನು ಗುಳಿಗೆ ಇಡುವ ಡಬ್ಬಿ ತರಿಸಿದೆ. ಅದರಲ್ಲಿ ಶುಗರಿನ ಮೆಟ್‌ಫಾರ್ಮಿನ್ ಇತ್ತು, ರಕ್ತದೊತ್ತಡದ ಟೆಲ್ಮಿಸಾರ್ಟನ್ ಇತ್ತು, ಅವರ ಹೆಂಡತಿಯ ಥೈರಾಯ್ಡ್ ಮಾತ್ರೆಯೂ ಇತ್ತು. ಮೂರನ್ನೂ ಫಾರಂನಲ್ಲಿ ಬರೆದು, ಅದರ ಪರಿಣಾಮವನ್ನು ಬಿಡಿಸಿ ಹೇಳಿದೆ: ಪ್ರೀಮಿಯಂ ಸ್ವಲ್ಪ ಏರಬಹುದು, ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ, ಅಂದರೆ ಅವುಗಳ ಚಿಕಿತ್ಸೆಗೆ ಕ್ಲೇಮ್ ಸಿಗದ ಅವಧಿ, ಗರಿಷ್ಠ 36 ತಿಂಗಳು, 2024ಕ್ಕೆ ಮೊದಲು ಅದು 48 ತಿಂಗಳಿತ್ತು, 60 ತಿಂಗಳು ನಿರಂತರವಾಗಿ ಪಾಲಿಸಿ ನಡೆಸಿದ ಮೇಲೆ, ವಂಚನೆ ಸಾಬೀತಾದರೆ ಹೊರತು, ಕಾಯಿಲೆ ಹೇಳಿರಲಿಲ್ಲ ಎಂಬ ನೆಪದಲ್ಲಿ ಕಂಪನಿ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ಅವರು ಬಹಳ ಹೊತ್ತು ಯೋಚಿಸಿ ಸಹಿ ಹಾಕಿದರು. ಎಲ್ಲರೂ ಹಾಗೆ ಒಪ್ಪುವುದಿಲ್ಲ. 'ಏನೂ ಇಲ್ಲ' ಎಂದು ಬರೆದುಕೊಡುವ ಏಜೆಂಟರನ್ನು ಹುಡುಕಿಕೊಂಡು ಹೋದವರೂ ಇದ್ದಾರೆ, ಅವರನ್ನು ನಾನು ತಡೆಯಲಿಲ್ಲ.

ಕೊಠಡಿ ಬಾಡಿಗೆಯ ಮಿತಿಯನ್ನು ನಾನು ಕಾಗದದ ಮೇಲೆ ಲೆಕ್ಕ ಹಾಕಿಯೇ ತೋರಿಸುತ್ತೇನೆ, ಬಾಯಿಮಾತಿನಲ್ಲಿ ಹೇಳಿದರೆ ಯಾರಿಗೂ ಅದರ ಬಿಸಿ ತಟ್ಟುವುದಿಲ್ಲ. 5 ಲಕ್ಷದ ಪಾಲಿಸಿಯಲ್ಲಿ ದಿನದ ಬಾಡಿಗೆ ಮಿತಿ ಶೇ 1, ಅಂದರೆ 5,000 ರೂಪಾಯಿ ಎಂದಿದ್ದು, ರೋಗಿ 8,000 ರೂಪಾಯಿಯ ಕೊಠಡಿಯಲ್ಲಿ ಉಳಿದರೆ, ಕಡಿತವಾಗುವುದು ಬಾಡಿಗೆಯ ವ್ಯತ್ಯಾಸವಾದ 3,000 ಮಾತ್ರವಲ್ಲ. ಕೊಠಡಿಯ ದರ್ಜೆಗೆ ತಕ್ಕಂತೆ ಏರುವ ಡಾಕ್ಟರ್ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕಗಳೂ ಎಂಟರಲ್ಲಿ ಐದು ಪಾಲಿಗೆ ಇಳಿಯುತ್ತವೆ. ಅಂಥ ಶುಲ್ಕ 1,60,000 ಆಗಿದ್ದರೆ ಬರುವುದು 1,00,000. ಔಷಧ ಮತ್ತು ಇಂಪ್ಲಾಂಟ್‌ಗಳಿಗೆ ಈ ಕಡಿತ ಅನ್ವಯಿಸುವುದಿಲ್ಲ. ಈ ಲೆಕ್ಕ ನೋಡಿದ ಮೇಲೆ ಬಹುತೇಕರು ಕೊಠಡಿ ಮಿತಿಯಿಲ್ಲದ ಪಾಲಿಸಿಯನ್ನೇ ಕೇಳುತ್ತಾರೆ. ಮಿತಿಯಿರುವುದನ್ನೇ ಆರಿಸಿದವರು ಕೂಡ ದಾಖಲಾಗುವಾಗ ಯಾವ ಕೊಠಡಿ ಕೇಳಬೇಕೆಂಬುದನ್ನು ಮರೆಯುವುದಿಲ್ಲ.

ಕ್ಲೇಮಿನ ದಿನ ಏಜೆಂಟ್ ಮಾಡಬಹುದಾದ ಕೆಲಸ ಬಹಳಷ್ಟಿದೆ. ಕ್ಯಾಶ್‌ಲೆಸ್ ಕೋರಿಕೆ (ಆಸ್ಪತ್ರೆಗೆ ಕಂಪನಿಯೇ ನೇರವಾಗಿ ಹಣ ಕಟ್ಟಲಿ ಎಂಬ ಕೋರಿಕೆ) ಬಂದ ಒಂದು ಗಂಟೆಯೊಳಗೆ ಕಂಪನಿ ನಿರ್ಧಾರ ತಿಳಿಸಬೇಕು, ಡಿಸ್ಚಾರ್ಜ್ ಕೋರಿಕೆಗೆ ಮೂರು ಗಂಟೆಯೊಳಗೆ ಅಂತಿಮ ಮಂಜೂರಾತಿ ಕೊಡಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಸುತ್ತೋಲೆ ಹೊರಡಿಸಿದೆ. ಗಡಿಯಾರ ಓಡಲು ಶುರುವಾಗಬೇಕಾದರೆ ಆಸ್ಪತ್ರೆಯಿಂದ ಕಾಗದಪತ್ರ ಪೂರ್ತಿಯಾಗಿ ಹೋಗಬೇಕಲ್ಲವೇ? ಲ್ಯಾಬ್ ವರದಿ ಬಿಟ್ಟುಹೋಗಿದೆಯೇ, ಡಾಕ್ಟರು ರೋಗನಿರ್ಣಯವನ್ನು ಸ್ಪಷ್ಟವಾಗಿ ಬರೆದಿದ್ದಾರೆಯೇ ಎಂದು ನೋಡುವುದು ನನ್ನ ಹಳೆಯ ಕೆಲಸವೇ ಆಗಿದ್ದರಿಂದ, ಅದು ನನಗೆ ಸುಲಭ. ಬಟ್ಟೆ ವ್ಯಾಪಾರಿಯೊಬ್ಬರ ಮಗನಿಗೆ ಡೆಂಗಿ ಬಂದಾಗ, ಒಳರೋಗಿಯಾಗಿ ಸೇರುವ ಅಗತ್ಯವಿರಲಿಲ್ಲ ಎಂದು ಕಂಪನಿ ಕ್ಲೇಮ್ ತಿರಸ್ಕರಿಸಿತು. ಪ್ಲೇಟ್‌ಲೆಟ್ ದಿನದಿನಕ್ಕೂ ಇಳಿದ ವರದಿಗಳನ್ನು ದಿನಾಂಕವಾರು ಜೋಡಿಸಿ, ದಾಖಲಿಸಿಕೊಂಡದ್ದೇಕೆ ಎಂದು ಡಾಕ್ಟರಿಂದ ಪತ್ರ ಬರೆಸಿ, ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಕಳಿಸಿದೆವು. ಅಲ್ಲೂ ಆಗದಿದ್ದರೆ ದೂರು ಕೊಡಲು ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಇದೆ, ಬೆಂಗಳೂರಿನಲ್ಲಿ ವಿಮಾ ಲೋಕಪಾಲರಿದ್ದಾರೆ, ಅಲ್ಲಿ ದೂರಿಗೆ ಶುಲ್ಕವೂ ಇಲ್ಲ ಎಂದು ಆ ಕುಟುಂಬಕ್ಕೆ ಧೈರ್ಯ ಹೇಳಿದ್ದೆ. ಅಷ್ಟು ದೂರ ಹೋಗಬೇಕಾಗಲಿಲ್ಲ, ಹಣ ಬಂತು. ಆಮೇಲೆ ಅದೇ ಬೀದಿಯ ಅಂಗಡಿಗಳವರು ತಾವಾಗಿಯೇ ಫೋನ್ ಮಾಡಿದರು.

ಪಾಲಿಸಿ ಬೇಡ ಎಂದು ನಾನೇ ಹೇಳಿ ಕಳಿಸಿದವರೂ ಇದ್ದಾರೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಇದೆ. ಕೂಲಿಯ ದುಡ್ಡಿನಲ್ಲಿ ಪ್ರೀಮಿಯಂ ಕಟ್ಟಲು ಬಂದವರಿಗೆ ಮೊದಲು ಈ ಕಾರ್ಡ್ ಮಾಡಿಸಿಕೊಳ್ಳಿ ಎಂದು ಹೇಳದಿದ್ದರೆ ಅದು ಅನ್ಯಾಯ.

ನವೀಕರಣಕ್ಕೆ ತಿಂಗಳುವಾರು ಪುಸ್ತಕವಿಟ್ಟಿದ್ದೇನೆ. ದಿನಾಂಕಕ್ಕೆ ಎರಡು ತಿಂಗಳಿರುವಾಗಲೇ ಮೊದಲ ಕರೆ ಮಾಡುತ್ತೇನೆ, ಏಕೆಂದರೆ ಬೇರೆ ಕಂಪನಿಗೆ ಪೋರ್ಟ್ ಮಾಡಬೇಕೆನ್ನುವವರು ಕೊನೆಯ ವಾರದಲ್ಲಿ ಎಚ್ಚೆತ್ತರೆ ಕೆಲಸ ಆಗುವುದಿಲ್ಲ, ಹಾಗೆಂದು ಪಾಲಿಸಿ ಕಡಿದುಹೋಗಲು ಬಿಟ್ಟರೆ ಕಾದ ವರ್ಷಗಳೆಲ್ಲ ವ್ಯರ್ಥ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ ರದ್ದಾದಾಗ, ಉಳಿದ ಹಣದಲ್ಲಿ ವಿಮಾ ಮೊತ್ತವನ್ನು ಏರಿಸಿಕೊಳ್ಳಿ ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಅನೇಕರು ಹಾಗೇ ಮಾಡಿದರು. ಈಗ ನನ್ನ ಹೆಚ್ಚಿನ ಸಮಯ ಹೋಗುತ್ತಿರುವುದು ಈ ಗ್ರಾಹಕರ ಮಕ್ಕಳ ಹಿಂದೆ. ಬೆಂಗಳೂರಿನ ಕಂಪನಿಗಳಲ್ಲಿರುವ ಅವರು ಆಫೀಸಿನ ಗುಂಪು ವಿಮೆಯನ್ನೇ ನಂಬಿ ಕೂತಿದ್ದಾರೆ. ಕೆಲಸ ಬಿಟ್ಟ ದಿನ ಅದು ನಿಲ್ಲುತ್ತದೆ, ಅಷ್ಟರಲ್ಲಿ ಶುಗರ್ ಬಂದಿದ್ದರೆ ಹೊಸ ಪಾಲಿಸಿಯಲ್ಲಿ ಮತ್ತೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು ಎಂಬುದನ್ನು ಹಬ್ಬಕ್ಕೆ ಅವರು ಊರಿಗೆ ಬಂದಾಗ ಅಪ್ಪ ಅಮ್ಮನ ಎದುರಿಗೇ ಕೂತು ವಿವರಿಸುತ್ತೇನೆ.